ಲಾಂಗ್ ರೈಡಿಗೆ ಥ್ರಾಟಲ್ ಲಾಕ್ ಸಾಕಾ, ಕ್ರೂಸ್ ಕಂಟ್ರೋಲೇ ಬೇಕಾ?

ನೆಲಮಂಗಲ ದಾಟಿ ತುಮಕೂರು ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗುತ್ತಿದ್ದರೆ ಬಲಗೈ ಹಿಡಿದುಕೊಳ್ಳೋಕೆ ಶುರುವಾಗುತ್ತದೆ. ಮೊದಲು ಹೆಬ್ಬೆರಳಿನ ಬುಡ, ಆಮೇಲೆ ಮಣಿಕಟ್ಟು, ಸಿರಾ ಬರುವ ಹೊತ್ತಿಗೆ ಬೆರಳುಗಳು ಜೋಮು. ಥ್ರಾಟಲ್‌ಗೆ, ಅಂದರೆ ಬಲಗೈಯ ಆಕ್ಸಿಲರೇಟರಿಗೆ, ಒಂದು ಸ್ಪ್ರಿಂಗ್ ಇರುತ್ತದೆ. ಅದು ಯಾವಾಗಲೂ ಥ್ರಾಟಲ್ ಮುಚ್ಚೋಕೆ ನೋಡುತ್ತಿರುತ್ತದೆ, ನೀವು ಗಂಟೆಗಟ್ಟಲೆ ಅದನ್ನು ತಡೆದು ಹಿಡಿದಿರುತ್ತೀರಿ. ಜೊತೆಗೆ ಇಂಜಿನ್ನಿನ ನಡುಕ ಬೇರೆ. ಕೈ ಸೋಲೋದು ಸಹಜ.

ಇದಕ್ಕೆ ಮಾರ್ಕೆಟ್ಟಿನಲ್ಲಿ ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ತುಂಡು, ಥ್ರಾಟಲ್ಲನ್ನು ತಿರುಗಿಸಿದ ಜಾಗದಲ್ಲೇ ಹಿಡಿದಿಡುವ ಲಾಕ್‌ನಿಂದ ಹಿಡಿದು, ಸ್ಪೀಡನ್ನು ತಾನೇ ಕಾಯುವ, ಫ್ಯಾಕ್ಟರಿಯಿಂದಲೇ ಬರುವ ಕ್ರೂಸ್ ಕಂಟ್ರೋಲ್ ತನಕ ಎಲ್ಲವೂ ಇದೆ. ಆರಿಸುವಾಗ ಎಲ್ಲರೂ ಕೇಳೋದು "ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ" ಅಂತ. ನಾನು ಹೇಳೋದು, ಮೊದಲು ಎಷ್ಟು ಬೇಗ ಬಿಡುತ್ತದೆ ನೋಡಿ. ನಮ್ಮ ಹೈವೇಯಲ್ಲಿ ಡಿವೈಡರ್ ಗ್ಯಾಪಿನಿಂದ ಟ್ರ್ಯಾಕ್ಟರ್ ಯಾವಾಗ ತಿರುಗುತ್ತದೆ, ದನ ಯಾವಾಗ ಅಡ್ಡ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆ ಕ್ಷಣದಲ್ಲಿ ಥ್ರಾಟಲ್ ತೆರೆದೇ ಉಳಿದರೆ ಬೇರೆ ಯಾವ ಸೌಕರ್ಯವೂ ಪ್ರಯೋಜನಕ್ಕೆ ಬರಲ್ಲ.

ದುಡ್ಡು ಹಾಕುವ ಮುಂಚೆ ಬೈಕನ್ನೇ ಒಮ್ಮೆ ನೋಡಿ. ಗ್ರಿಪ್ಪಿನಿಂದ ಇಂಜಿನ್ನಿಗೆ ತಂತಿ ಎಳೆಯುವ ಕೇಬಲ್ ಥ್ರಾಟಲ್ ಆದರೆ ಕೇಬಲ್ ಒಣಗಿರಬಹುದು, ಎಲ್ಲೋ ಬಿಗಿಯಾಗಿ ಬಾಗಿರಬಹುದು. ಕೇಬಲ್ಲಿಗೆ ಲೂಬ್ ಹಾಕಿಸಿ, ಸವೆದಿದ್ದರೆ ಬದಲಿಸಿ, ಥ್ರಾಟಲ್ ಅರ್ಧಕ್ಕರ್ಧ ಹಗುರಾದ ಹಾಗೆ ಅನ್ನಿಸುತ್ತದೆ. ಬ್ರೇಕ್ ಲಿವರ್ ತುಂಬ ಮೇಲಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಿದುಕೊಂಡೇ ಇರುತ್ತದೆ, ಅದನ್ನು ಸ್ವಲ್ಪ ಕೆಳಗೆ ತಿರುಗಿಸಿದರೆ ನೋವು ಎಷ್ಟೋ ಕಡಿಮೆ. ಗ್ರಿಪ್ಪನ್ನು ಮುಷ್ಟಿ ಬಿಗಿದು ಹಿಡಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಬೇಕು. ಇಷ್ಟರಲ್ಲೇ ಕೆಲವರ ಸಮಸ್ಯೆ ಮುಗಿದುಹೋಗುತ್ತದೆ.

ಆಮೇಲೂ ಬೇಕು ಅನ್ನಿಸಿದರೆ, ನಿಮ್ಮ ಬೈಕ್ ಕೇಬಲ್ಲಾ, ರೈಡ್ ಬೈ ವೈರಾ ಅಂತ ತಿಳಿದುಕೊಳ್ಳಿ. ರಾಯಲ್ ಎನ್‌ಫೀಲ್ಡಿನ 350ಗಳು, ಇಂಟರ್‌ಸೆಪ್ಟರ್ 650, ಹೋಂಡಾ ಎನ್‌ಎಕ್ಸ್500 ಇವೆಲ್ಲ ಕೇಬಲ್ ಗಾಡಿಗಳು. ಹಿಮಾಲಯನ್ 450, ಟ್ರಯಂಫ್ ಸ್ಪೀಡ್ 400, ಕೆಟಿಎಂ 390 ಅಡ್ವೆಂಚರ್ ಇವು ರೈಡ್ ಬೈ ವೈರ್, ಅಂದರೆ ಗ್ರಿಪ್ ತಿರುಗಿಸಿದಾಗ ಸೆನ್ಸರ್ ಸಿಗ್ನಲ್ ಕಳಿಸುತ್ತದೆ, ಥ್ರಾಟಲ್ ತೆರೆಯೋದು ಮೋಟರ್. ಕೈಯಲ್ಲಿ ಹಾಕುವ ಲಾಕ್‌ಗಳು ಎರಡರಲ್ಲೂ ಕೆಲಸ ಮಾಡುತ್ತವೆ, ಯಾಕೆಂದರೆ ಗ್ರಿಪ್ ಎರಡರಲ್ಲೂ ತಿರುಗುತ್ತದೆ. ಎಲೆಕ್ಟ್ರಾನಿಕ್ ಕ್ರೂಸ್ ಹಾಕಿಸೋದು ಮಾತ್ರ ವೈರ್ ಗಾಡಿಯಲ್ಲಿ ಸುಲಭ. ಕೇಬಲ್ ಗಾಡಿಗೆ ಬೇರೆ ಮೋಟರನ್ನೇ ಕೂರಿಸಬೇಕು, ಅದು ದುಬಾರಿ ಕೆಲಸ.

ಎಲ್ಲಕ್ಕಿಂತ ಅಗ್ಗದ್ದು ಅಂಗೈ ಊರುವ ಪ್ಯಾಡಲ್, ಅಂಗಡಿಯಲ್ಲಿ ಥ್ರಾಟಲ್ ಅಸಿಸ್ಟ್ ಅಂತ ಕೇಳಿದರೆ ಕೊಡುತ್ತಾರೆ. ಇದು ಲಾಕ್ ಅಲ್ಲ. ಕೈ ತೆಗೆದರೆ ಥ್ರಾಟಲ್ ತಾನಾಗಿ ಮುಚ್ಚುತ್ತದೆ, ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳೋದು ಇದನ್ನೇ. ಆದರೆ ಕೂರಿಸುವ ಕೋನ ಸರಿ ಇರಬೇಕು. ಗ್ರಿಪ್ಪಿಗೆ ಸುಮ್ನೆ ಸಿಕ್ಕಿಸಿ, ಇಂಜಿನ್ ಆಫ್ ಮಾಡಿ ಗಾಡಿ ಮೇಲೆ ಕೂತುಕೊಳ್ಳಿ. ನೀವು ಹೈವೇಯಲ್ಲಿ ಹಿಡಿಯುವಷ್ಟೇ ಥ್ರಾಟಲ್ ತಿರುಗಿಸಿ, ಮಣಿಕಟ್ಟು ನೇರ ಇಟ್ಟುಕೊಳ್ಳಿ. ಆಗ ಪ್ಯಾಡಲ್ ಅಂಗೈಯ ದಪ್ಪ ಭಾಗದ ಕೆಳಗೆ ಮಟ್ಟಸವಾಗಿ ಕೂತಿರಬೇಕು. ಈಗ ಥ್ರಾಟಲ್ ಬಿಡಿ, ಪ್ಯಾಡಲ್ ಮೇಲಕ್ಕೆ ಏಳುತ್ತದೆ. ಎದ್ದ ಆ ಜಾಗದಲ್ಲಿ ಬ್ರೇಕ್ ಲಿವರ್ ಹಿಡಿದು ನೋಡಿ. ಅಂಗೈ ಪ್ಯಾಡಲ್ಲನ್ನು ಒತ್ತುತ್ತಿದ್ದರೆ ಇನ್ನೂ ಕೆಳಗೆ ತಿರುಗಿಸಿ. ಒತ್ತುವ ಹಾಗೇ ಬಿಟ್ಟು ಬೆಂಗಳೂರಿನ ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ಬಂದರೆ, ಹಂಪ್ ಮೇಲೆ ಗಾಡಿ ಎಗರಿದಾಗ ಅಂಗೈ ಪ್ಯಾಡಲ್ ಮೇಲೆ ಬಿದ್ದು ಗಾಡಿ ಮುಂದಕ್ಕೆ ನುಗ್ಗುತ್ತದೆ. ಸಿಟಿಯೊಳಗೆ ಬರುವ ಮುಂಚೆ ಅದನ್ನು ಪೂರ್ತಿ ಕೆಳಗೆ ತಿರುಗಿಸಿ, ಇಲ್ಲವೇ ಕಳಚಿ ಟ್ಯಾಂಕ್ ಬ್ಯಾಗಿಗೆ ಹಾಕಿಬಿಡಿ.

ಪ್ಯಾಡಲ್ ಇದ್ದರೂ ಅಂಗೈ ಭಾರ ಹಾಕುತ್ತಲೇ ಇರಬೇಕು. ಕೈ ಪೂರ್ತಿ ಸಡಿಲ ಬಿಟ್ಟು ಬೆರಳು ಆಡಿಸಬೇಕು ಅಂದರೆ ಫ್ರಿಕ್ಷನ್ ಲಾಕ್, ಅಂದರೆ ಗ್ರಿಪ್ಪಿಗೆ ಒತ್ತಿ ಅದನ್ನು ತಿರುಗದಂತೆ ನಿಲ್ಲಿಸುವ ಲಾಕ್, ಬೇಕು. ಇದರಲ್ಲಿ ಎರಡು ಜಾತಿ. ಒಂದು ಹ್ಯಾಂಡಲ್ ತುದಿಯ ಬಾರ್ ಎಂಡ್ ವೇಟ್ (ನಡುಕ ತಗ್ಗಿಸುವ ತೂಕದ ತುಂಡು) ಜಾಗದಲ್ಲಿ ಕೂರುತ್ತದೆ. ಥ್ರಾಟಲ್‌ಮೈಸ್ಟರ್, ದಕ್ಷಿಣ ಆಫ್ರಿಕಾದ ಕಾವೋಕೊ ಈ ಜಾತಿಯವು. ಬಿಲ್ಲೆ ತಿರುಗಿಸಿದರೆ ಅದು ಗ್ರಿಪ್ ತುದಿಗೆ ಒತ್ತಿ ಹಿಡಿಯುತ್ತದೆ. ಇನ್ನೊಂದು ಅಮೆರಿಕದ ಅಟ್ಲಾಸ್ ಥರದ್ದು. ಗ್ರಿಪ್ಪಿಗೂ ಸ್ವಿಚ್ ಬಾಕ್ಸಿಗೂ ಮಧ್ಯೆ ಕೂರುತ್ತದೆ, ಹೆಬ್ಬೆರಳಲ್ಲಿ ಒಂದು ಬಟನ್ ಒತ್ತಿದರೆ ಹಿಡಿಯುತ್ತದೆ, ಇನ್ನೊಂದು ಒತ್ತಿದರೆ ಬಿಡುತ್ತದೆ. ಒಳ್ಳೆಯ ಲಾಕ್ ಆದರೆ ಹಿಡಿದಿದ್ದಾಗಲೂ ಕೈಯಿಂದ ತಿರುಗಿಸಿ ಥ್ರಾಟಲ್ ಮುಚ್ಚಬಹುದು. ಹೆಬ್ಬೆರಳು ಸುಲಭವಾಗಿ ತಲುಪುವುದರಿಂದ ನನಗೆ ಈ ಎರಡನೇ ಜಾತಿಯೇ ಇಷ್ಟ. ಬಾರ್ ಎಂಡಿನದ್ದನ್ನು ತಿರುಗಿಸೋಕೆ ಕೈ ಪಕ್ಕಕ್ಕೆ ಸರಿಯಲೇಬೇಕು. ಆದರೆ ಆಮದು ಸುಂಕ ಎಲ್ಲ ಸೇರಿದರೆ ಅಟ್ಲಾಸ್ ಹತ್ತು ಸಾವಿರ ದಾಟುತ್ತದೆ.

ಫಿಟ್ಟಿಂಗ್ ವಿಷಯದಲ್ಲಿ ಅವಸರ ಬೇಡ. ಹ್ಯಾಂಡ್‌ಗಾರ್ಡ್ ಬಾರ್ ಎಂಡಿಗೆ ಬೋಲ್ಟ್ ಆಗಿದ್ದರೆ ತುದಿಯಲ್ಲಿ ಕೂರುವ ಲಾಕ್ ಸುಮ್ಮನೆ ಹಿಡಿಸಲ್ಲ, ಅದಕ್ಕೆ ಹೊಂದುವ ಮಾಡೆಲ್ಲೇ ಬೇಕು. ಮೂಲ ವೇಟ್ ತೆಗೆದು ಹಗುರಾದದ್ದು ಹಾಕಿದರೆ ನಡುಕ ಜಾಸ್ತಿಯಾಗಿ, ಜೋಮು ತಪ್ಪಿಸೋಕೆ ಹೋಗಿ ಜೋಮೇ ಬಂದೀತು. ಅಟ್ಲಾಸ್ ಥರದ್ದಕ್ಕೆ ಗ್ರಿಪ್ಪಿನ ಒಳತುದಿಯಲ್ಲಿ ಜಾಗ ಬೇಕು, ಹೀಟೆಡ್ ಗ್ರಿಪ್ ಇದ್ದರೆ ವೈರ್ ಎಲ್ಲಿಂದ ಹೊರಬರುತ್ತದೆ ಅಂತ ಮೊದಲೇ ನೋಡಿ.

ಬ್ರೇಕ್ ಲಿವರ್ ಮೇಲೆ ಬಾಲ ಊರಿ ನಿಲ್ಲುವ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಸಿಗುತ್ತವೆ. ದಯವಿಟ್ಟು ಬೇಡ. ಬೆರಳು ಸದಾ ಸಿದ್ಧವಾಗಿರಬೇಕಾದ ಜಾಗ ಅದು, ಅಲ್ಲಿ ಇನ್ನೊಂದು ವಸ್ತು ಇರಲೇಬಾರದು. ಗ್ರಿಪ್ಪಿನ ಸಂದಿಗೆ ರಬ್ಬರ್ ರಿಂಗ್ ತುರುಕುವುದೂ ಬೇಡ, ಬಿಸಿಲು ಮಳೆಗೆ ಅದರ ಹಿಡಿತ ಬದಲಾಗುತ್ತಲೇ ಇರುತ್ತದೆ.

ಯಾವುದನ್ನೇ ಹಾಕಿಸಿ, ಮನೆ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಇಟ್ಟು ಪರೀಕ್ಷೆ ಮಾಡಿ. ಲಾಕ್ ಬಿಟ್ಟಿರುವಾಗ ಥ್ರಾಟಲ್ ತಿರುಗಿಸಿ ಕೈ ತೆಗೆದರೆ ಟಪ್ ಅಂತ ಮುಚ್ಚಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿ, ಎರಡೂ ಕಡೆ ಅದೇ ಟಪ್ ಬರಬೇಕು. ಸೋಮಾರಿಯಂತೆ ನಿಧಾನ ವಾಪಸ್ ಬಂದರೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ, ಆ ಗಾಡಿ ರೋಡಿಗೆ ಬೇಡ. ಆಮೇಲೆ ಲಾಕ್ ಹಾಕಿ, ಮಳೆಯ ಗ್ಲೌಸ್ ತೊಟ್ಟು, ಬರೀ ಕೈ ತಿರುಗಿಸಿಯೇ ಥ್ರಾಟಲ್ ಮುಚ್ಚಿ. ಜಾಸ್ತಿ ಬಲ ಬೇಕಾದರೆ ಬಿಗಿ ಕಡಿಮೆ ಮಾಡಿ. ಇಂಜಿನ್ ಆನ್ ಮಾಡಿ ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಐಡಲ್, ಅಂದರೆ ಥ್ರಾಟಲ್ ಮುಟ್ಟದಾಗಿನ ಇಂಜಿನ್ ವೇಗ, ಏರಬಾರದು.

ಫ್ರಿಕ್ಷನ್ ಲಾಕ್ ಹಿಡಿದಿಡೋದು ಗ್ರಿಪ್ಪಿನ ಕೋನವನ್ನು, ಸ್ಪೀಡನ್ನಲ್ಲ. ಏರಿನಲ್ಲಿ ಗಾಡಿ ನಿಧಾನವಾಗುತ್ತದೆ, ಇಳಿಜಾರಲ್ಲಿ ಓಡುತ್ತದೆ, ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಎದುರುಗಾಳಿ ಸಿಕ್ಕರೆ ಸ್ಪೀಡ್ ಇಳಿಯುತ್ತದೆ. ಕ್ರೂಸ್ ಕಂಟ್ರೋಲ್ ಬೇರೆ. ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಚಕ್ರದ ಸ್ಪೀಡ್ ನೋಡುತ್ತಾ ಥ್ರಾಟಲ್ಲನ್ನು ತಾನೇ ತೆರೆದು ಮುಚ್ಚುತ್ತದೆ, ಬ್ರೇಕ್ ಅಥವಾ ಕ್ಲಚ್ ಮುಟ್ಟಿದರೆ ಬಿಟ್ಟುಬಿಡುತ್ತದೆ. ಎಷ್ಟೋ ಗಾಡಿಗಳಲ್ಲಿ ಗ್ರಿಪ್ಪನ್ನು ಮುಚ್ಚಿದ ಜಾಗಕ್ಕಿಂತ ಇನ್ನೂ ಮುಂದಕ್ಕೆ ತಳ್ಳಿದರೂ ಸಾಕು. ಈಗ ಇದು ದೊಡ್ಡ ಗಾಡಿಗಳಿಗೆ ಮಾತ್ರ ಅಲ್ಲ. 2023ರಲ್ಲಿ ಟಿವಿಎಸ್ ಅಪಾಚೆ ಆರ್‌ಟಿಆರ್ 310ಕ್ಕೆ ಬಂತು, 2025ರಲ್ಲಿ ಕೆಟಿಎಂ 390 ಅಡ್ವೆಂಚರ್‌ಗೆ, ಅದೇ ವರ್ಷ 125 ಸಿಸಿಯ ಹೀರೋ ಗ್ಲಾಮರ್ ಎಕ್ಸ್‌ಗೂ ಬಂತು. ಹೊಸ ಗಾಡಿ ಕೊಳ್ಳುವ ಯೋಚನೆ ಇದ್ದರೆ, ಲಾಂಗ್ ರೈಡ್ ಜಾಸ್ತಿ ಇದ್ದರೆ, ಕ್ರೂಸ್ ಇರುವ ಮಾಡೆಲ್ಲಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹೊರಗಡೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸುವವರು ಅಂಗಡಿಯವರನ್ನು ನೇರವಾಗಿ ಕೇಳಿ: ಇದು ಚಕ್ರದ ಸ್ಪೀಡ್ ಓದುತ್ತದಾ, ಇಲ್ಲ ಥ್ರಾಟಲ್ ಸಿಗ್ನಲ್ಲನ್ನಷ್ಟೇ ಹಿಡಿದಿಡುತ್ತದಾ? ಮುಂದಿನ ಬ್ರೇಕ್, ಹಿಂದಿನ ಬ್ರೇಕ್, ಕ್ಲಚ್ ಮೂರಕ್ಕೂ ಬಿಡುತ್ತದಾ? ವೈರ್ ಕತ್ತರಿಸಬೇಕಾ, ಕಪ್ಲರ್ ಸಿಕ್ಕಿಸಿದರೆ ಸಾಕಾ? ಮೂರರಲ್ಲಿ ಯಾವುದೇ ಒಂದಕ್ಕೆ ಸರಿ ಉತ್ತರ ಸಿಗದಿದ್ದರೂ ಹಾಕಿಸಬೇಡಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಸರ್ವೀಸ್ ಸೆಂಟರಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಬೆಂಗಳೂರಿನಿಂದ ಲಾಕ್ ಆಗಲಿ ಕ್ರೂಸ್ ಆಗಲಿ ಬಳಸೋಕೆ ಒಳ್ಳೆಯ ರೋಡು ಯಾವುದು ಅಂದರೆ ತುಮಕೂರು ದಾಟಿದ ಮೇಲಿನ ಎನ್‌ಎಚ್ 48, ಚಿಕ್ಕಬಳ್ಳಾಪುರ ದಾಟಿದ ಮೇಲಿನ ಎನ್‌ಎಚ್ 44, ಕುಣಿಗಲ್ ಕಡೆಯಿಂದ ಹಾಸನಕ್ಕೆ ಹೋಗುವ ಎನ್‌ಎಚ್ 75. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರೋಡಿನಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವೀಸ್ ರೋಡಲ್ಲಿ ಊರು, ಹಂಪ್, ಎದುರು ಬರುವ ಗಾಡಿ ಇವೇ ಇರೋದರಿಂದ ಅಲ್ಲಿ ಲಾಕ್ ಮುಟ್ಟಲೇಬೇಡಿ. ಮಳೆಯಲ್ಲಿ, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ, ಕತ್ತಲಾದ ಮೇಲೆ, ಕ್ರೂಸ್ ಆದರೂ ಸರಿ ಆಫ್ ಇರಲಿ. ನಾಲ್ಕು ಪಥದ ಡಿವೈಡರ್ ರೋಡಲ್ಲಿ ಬೈಕಿಗೆ ಕೇಂದ್ರದ ಮಿತಿ ಗಂಟೆಗೆ 80 ಕಿಮೀ, ಅದಕ್ಕೇ ಸೆಟ್ ಮಾಡಿಕೊಳ್ಳಿ. ಲಾಕ್ ಹಾಕಿದ್ದಾಗಲೂ ಬಲಗೈ ಹ್ಯಾಂಡಲ್ ಬಿಟ್ಟು ಹೋಗಬಾರದು, ಬೆರಳು ಸಡಿಲ ಬಿಡಿ ಅಷ್ಟೇ.

ಕೊಳ್ಳೋಕೆ ಬೆಂಗಳೂರಿನಲ್ಲಿ ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರೋಡಿಗೆ ಹೋಗುವವರು ಗಾಡಿಯಲ್ಲೇ ಹೋಗಿ, ಫೋಟೋ ತೋರಿಸಿ ಕೇಳಬೇಡಿ. ಅಲ್ಲೇ ಗ್ರಿಪ್ಪಿಗೆ ಹಿಡಿದು ನೋಡಿ. ಕಾಪಿ ಮಾಲು ಬೇಕಾದಷ್ಟಿದೆ. ಪ್ಯಾಡಲ್ ಕಾಪಿ ಆದರೆ ಪರವಾಗಿಲ್ಲ, ಹಾಳಾದರೆ ಕಿತ್ತು ಬಿಸಾಡಬಹುದು. ಫ್ರಿಕ್ಷನ್ ಲಾಕ್ ಮಾತ್ರ ಕಾಪಿ ತಗೊಳ್ಳಬೇಡಿ, ಒಳಗಿನ ಸ್ಪ್ರಿಂಗ್ ಸಿಕ್ಕಿಕೊಂಡರೆ ಬಿಡಿಸೋಕೆ ರೋಡಲ್ಲಿ ಸಮಯ ಇರಲ್ಲ. ಹಾಕಿಸಿದ ಮೇಲೆ ಮೊದಲ ರೈಡಲ್ಲಿ ತುಮಕೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಅಲೆನ್ ಕೀ ತೆಗೆದು ಪ್ರತಿ ಸ್ಕ್ರೂ ಒಮ್ಮೆ ನೋಡಿ. ನಡುಕಕ್ಕೆ ಸಡಿಲವಾಗಿದ್ದರೆ ವಾಪಸ್ ಬಂದು ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿಸಿ.