ಎಡಿನ್‌ಬರೋದ ಕಾಡುಕಣಿವೆ: ಹರ್ಮಿಟೇಜ್ ಆಫ್ ಬ್ರೇಡ್ ನೋಡಲು ಹೊರಡುವವರಿಗೆ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ದಕ್ಷಿಣ ಅಂಚಿನಲ್ಲಿ, ಬ್ಲ್ಯಾಕ್‌ಫರ್ಡ್ ಗುಡ್ಡಕ್ಕೂ ಬ್ರೇಡ್ ಗುಡ್ಡಗಳಿಗೂ ನಡುವೆ ಇರುವ ಹರ್ಮಿಟೇಜ್ ಆಫ್ ಬ್ರೇಡ್ ಸಂರಕ್ಷಿತ ಕಾಡುಕಣಿವೆಗೆ ಪ್ರವೇಶ ಶುಲ್ಕವಿಲ್ಲ, ಮುಂಗಡ ಟಿಕೆಟ್ಟಿನ ಗೋಜೂ ಇಲ್ಲ. ಓದಲು ಬಂದವರಿಗೂ, ಮಕ್ಕಳ ಮನೆಗೆ ಬಂದು ಉಳಿದಿರುವ ಹಿರಿಯರಿಗೂ ಅರ್ಧ ದಿನ ಕಳೆಯಲು ಜನಜಂಗುಳಿಯ ಎಡಿನ್‌ಬರೋ ಕೋಟೆಗಿಂತ ಇದೇ ಮೇಲು ಎಂದು ನನ್ನ ಅಭಿಪ್ರಾಯ.

ನಗರದ ಮಧ್ಯಭಾಗದಿಂದ ಮಾರ್ನಿಂಗ್‌ಸೈಡ್ ಕಡೆಗೆ ಹೋಗುವ ಬಸ್ಸಿನಲ್ಲಿ ಬಂದು, ಬ್ರೇಡ್ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿಯುತ್ತಾ ಹೋದರೆ ಎಡಗಡೆಗೆ ಪ್ರವೇಶದ್ವಾರ ಸಿಗುತ್ತದೆ. ಹೊರಡುವ ಹೊತ್ತನ್ನು ಮಾತ್ರ ಋತು ನೋಡಿ ನಿರ್ಧರಿಸಬೇಕು: ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುವುದರಿಂದ, ಮರಗಳ ನಡುವಿನ ಕಣಿವೆಯಲ್ಲಿ ಅದಕ್ಕೂ ಮುಂಚೆಯೇ ಮಬ್ಬು ಕವಿಯುತ್ತದೆ, ಜೂನಿನಲ್ಲಾದರೆ ರಾತ್ರಿ ಊಟದ ನಂತರವೂ ಬೆಳಕಿರುತ್ತದೆ. ಮಳೆ ನಿಂತ ಮೇಲೂ ಕಾಲುದಾರಿಯಲ್ಲಿ ಕೆಸರು ಉಳಿಯುವುದರಿಂದ ಹಿಡಿತವಿರುವ ಬೂಟು ಅಗತ್ಯ. ಚಪ್ಪಲಿ ಬೇಡವೇ ಬೇಡ.

ಒಳಗೆ ದಾರಿ ತಪ್ಪುವ ಭಯವಿಲ್ಲ. ಪೂರ್ವಕ್ಕೆ ಹರಿಯುವ ಬ್ರೇಡ್ ಬರ್ನ್ ಎಂಬ ಹಳ್ಳದ ಜೊತೆಗೇ ನಡೆದರೆ ಸಾಕು. ಸ್ವಲ್ಪ ದೂರದಲ್ಲಿ 1785ರಲ್ಲಿ ಕಟ್ಟಿದ ಹರ್ಮಿಟೇಜ್ ಬಂಗಲೆ ಎದುರಾಗುತ್ತದೆ. ಈ ಎಸ್ಟೇಟನ್ನು ಜಾನ್ ಮೆಕ್‌ಡೂಗಲ್ ಎಂಬವರು 1938ರಲ್ಲಿ ನಗರಕ್ಕೆ ದಾನ ಕೊಟ್ಟರು. ಮೇಲಿನ ಇಳಿಜಾರಿನಲ್ಲಿರುವ ಹಳೆಯ ಪಾರಿವಾಳದ ಗೂಡುಮನೆಯನ್ನು ನೋಡದೆ ಮುಂದೆ ಹೋಗಬೇಡಿ.

ಹಳ್ಳದ ಅಂಚಿನಲ್ಲಿ ಐದು ನಿಮಿಷ ಸದ್ದಿಲ್ಲದೆ ನಿಂತರೆ ಡಿಪ್ಪರ್ ಹಕ್ಕಿ ಕಾಣಬಹುದು. ಕಂದು ಮೈ, ಬಿಳಿ ಎದೆಯ ಈ ಗುಂಡು ಹಕ್ಕಿ ಕಲ್ಲಿನ ಮೇಲೆ ಬಸ್ಕಿ ಹೊಡೆಯುವಂತೆ ಮೇಲೆ ಕೆಳಗೆ ಕುಣಿದು, ತಟ್ಟನೆ ನೀರಿನೊಳಗೆ ಇಳಿದು, ತಳದಲ್ಲೇ ಹುಳು ಹುಡುಕಿ, ಮತ್ತೊಂದು ಕಲ್ಲಿನ ಬಳಿ ಮೇಲೇಳುತ್ತದೆ. ವಸಂತದಲ್ಲಿ ಕಾಡುಬೆಳ್ಳುಳ್ಳಿಯ ಘಾಟು ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತದೆ. ಚಟ್ನಿಗೆ ಆದೀತೆಂದು ಕೀಳಲು ಮನಸ್ಸಾಗುವುದು ಸಹಜವಾದರೂ, ಲಾರ್ಡ್ಸ್ ಅಂಡ್ ಲೇಡೀಸ್ ಎಂಬ ವಿಷಸಸ್ಯದ ಎಳೆಯ ಎಲೆಗಳು ಅದರ ನಡುವೆಯೇ ಬೆಳೆದು ಕಣ್ಣಿಗೆ ಮೋಸ ಮಾಡುತ್ತವೆ. ಮಾಲೀಕರ ಅನುಮತಿಯಿಲ್ಲದೆ ಯಾವುದೇ ಕಾಡುಗಿಡವನ್ನು ಬೇರುಸಹಿತ ಕೀಳುವುದು ಈ ದೇಶದಲ್ಲಿ ಕಾನೂನುಬಾಹಿರವೂ ಹೌದು. ಹುಲ್ಲಿನಲ್ಲಿ ಓಡಾಡಿದವರು ಮನೆಗೆ ಬಂದೊಡನೆ ಕಾಲುಗಳಲ್ಲಿ ಉಣ್ಣಿ ಹುಳು ಕಚ್ಚಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಕಣಿವೆಯ ಪೂರ್ವ ತುದಿಯ ಸಮೀಪ, ಬ್ಲ್ಯಾಕ್‌ಫರ್ಡ್ ಗುಡ್ಡದ ಬುಡದಲ್ಲಿ ಅಗಾಸಿ ಬಂಡೆಯಿದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ 1840ರಲ್ಲಿ ಇದರ ಕೊರೆದ ಮೈಯನ್ನು ನೋಡಿ, ಇದು ಹಿಮದ ಕೆಲಸವೆಂದು ಗುರುತಿಸಿದರು. ಸ್ಕಾಟ್ಲೆಂಡನ್ನು ಒಂದು ಕಾಲದಲ್ಲಿ ಹಿಮನದಿಗಳು ಆವರಿಸಿದ್ದವು ಎಂಬ ವಾದಕ್ಕೆ ಆ ಭೇಟಿಯಿಂದ ಬಲ ಬಂತು.

ಮಂಡಿನೋವಿರುವವರು ಇಲ್ಲಿಂದ ಬಂದ ದಾರಿಯಲ್ಲೇ ಹಿಂತಿರುಗುವುದು ಒಳಿತು. ಉಳಿದವರು 164 ಮೀಟರ್ ಎತ್ತರದ ಬ್ಲ್ಯಾಕ್‌ಫರ್ಡ್ ಗುಡ್ಡ ಹತ್ತಿ, ದೂರದ ಕೋಟೆ ಮತ್ತು ಆರ್ಥರ್ಸ್ ಸೀಟ್ ಎಂಬ ಬೆಟ್ಟವನ್ನು ಅಲ್ಲಿಂದ ನೋಡಿಕೊಂಡು, ಖಗೋಳ ವೀಕ್ಷಣಾಲಯದ ರಸ್ತೆಯಿಂದ ಬ್ಲ್ಯಾಕ್‌ಫರ್ಡ್ ಅವೆನ್ಯೂಗೆ ಇಳಿದರೆ ಅಲ್ಲಿಂದ ನಗರಕ್ಕೆ ಬಸ್ಸು ಸಿಗುತ್ತದೆ.