ವೇಗ ಇಳಿದ ಮೇಲಿನ ವೇಗದ ಬೌಲಿಂಗ್: ಆ್ಯಂಡರ್ಸನ್ ಅವರಿಂದ ನಾನು ಕಲಿತದ್ದು

ಮೂವತ್ತೈದು ದಾಟಿದ ವೇಗದ ಬೌಲರ್‌ಗೆ ಕ್ಲಬ್ ಕ್ರಿಕೆಟ್‌ನಲ್ಲಿ ಸಿಗುವ ಸಲಹೆಗಳು ಹೆಚ್ಚೆಂದರೆ ಎರಡು. ಒಂದೋ ಸ್ಪಿನ್ ಕಲಿಯಬೇಕು, ಇಲ್ಲವೇ ಹೊಸ ಚೆಂಡನ್ನು ಹುಡುಗರ ಕೈಗೆ ಕೊಟ್ಟು ಸ್ಲಿಪ್‌ನಲ್ಲಿ ನಿಲ್ಲಬೇಕು. ಉದ್ಯೋಗದ ನಿಮಿತ್ತ ಇಂಗ್ಲೆಂಡಿನ ಲ್ಯಾಂಕಷೈರ್‌ಗೆ ಬಂದು ನೆಲೆಸಿ, ಇಲ್ಲಿನ ಒಂದು ಸಣ್ಣ ಕ್ಲಬ್‌ಗೆ ಶನಿವಾರಗಳಂದು ಆಡುವ ನನಗೂ ಇವೆರಡನ್ನೂ ಹೇಳಲಾಯಿತು. ಎರಡನ್ನೂ ಒಪ್ಪಿಕೊಳ್ಳುವ ಮನಸ್ಸಾಗಲಿಲ್ಲ. ಇದೇ ಕೌಂಟಿಯ ಬರ್ನ್‌ಲಿಯಲ್ಲಿ 1982ರಲ್ಲಿ ಹುಟ್ಟಿ, ಅಲ್ಲಿನ ಕ್ಲಬ್‌ನ ಪರವಾಗಿ ಲ್ಯಾಂಕಷೈರ್ ಲೀಗ್‌ನಲ್ಲಿ ಆಡುತ್ತಲೇ ಬೆಳೆದ ಇಂಗ್ಲೆಂಡ್‌ನ ವೇಗದ ಬೌಲರ್ ಜೇಮ್ಸ್ ಆ್ಯಂಡರ್ಸನ್ ಅವರ ವೃತ್ತಿಜೀವನವನ್ನು ಪಠ್ಯದಂತೆ ಎದುರಿಗಿಟ್ಟುಕೊಂಡು, ಅದರಲ್ಲಿ ನನ್ನಂಥ ಸಾಮಾನ್ಯ ಆಟಗಾರನ ಮೈಗೆ ಒಗ್ಗುವಂಥದ್ದು ಏನಿದೆ ಎಂದು ಹುಡುಕುತ್ತಾ ಹೋದೆ. ಆ ಹುಡುಕಾಟದಿಂದ ನನ್ನ ಬೌಲಿಂಗ್ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

188 ಟೆಸ್ಟ್ ಪಂದ್ಯಗಳಲ್ಲಿ 704 ವಿಕೆಟ್ ಎಂಬ ಒಟ್ಟು ಲೆಕ್ಕ ಎಲ್ಲರಿಗೂ ಗೊತ್ತು. ನನಗೆ ಉಪಯೋಗಕ್ಕೆ ಬಂದದ್ದು ಆ ಲೆಕ್ಕದ ಒಳಗಿನ ಹಂಚಿಕೆ. 2017ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್‌ನ ಕ್ರೇಗ್ ಬ್ರಾತ್‌ವೇಟ್ ಅವರನ್ನು ಬೌಲ್ಡ್ ಮಾಡಿ 500ನೇ ವಿಕೆಟ್ ಪಡೆದಾಗ ಆ್ಯಂಡರ್ಸನ್ ಅವರಿಗೆ 35 ತುಂಬಿತ್ತು. ಬಹುತೇಕ ವೇಗದ ಬೌಲರ್‌ಗಳು ವೀಕ್ಷಕ ವಿವರಣೆಯ ಕೋಣೆಗೆ ಹೋಗಿ ಕುಳಿತುಕೊಳ್ಳುವ ಆ ವಯಸ್ಸಿನ ನಂತರ ಅವರು ಇನ್ನೂ 204 ವಿಕೆಟ್‌ಗಳನ್ನು ಗಳಿಸಿದರು. ಯೌವನದಲ್ಲಿ ಗಂಟೆಗೆ 145 ಕಿ.ಮೀ. ಹತ್ತಿರ ಹೋಗುತ್ತಿದ್ದ ವೇಗ ಆ ಹೊತ್ತಿಗೆ ಇಳಿದಿತ್ತು. ಅಂದರೆ ವೇಗ ಕಡಿಮೆಯಾದುದನ್ನು ಬೇರೇನೋ ತುಂಬಿಕೊಟ್ಟಿತ್ತು. ನಾನು ಹುಡುಕಿದ್ದು ಆ ಬೇರೇನನ್ನು.

ಮೊದಲು ಎದುರಾದದ್ದು ಬೌಲಿಂಗ್ ಶೈಲಿಯ ಪ್ರಶ್ನೆ. ಆ್ಯಂಡರ್ಸನ್ 2003ರ ವಿಶ್ವಕಪ್‌ನಲ್ಲಿ ಕೇಪ್‌ಟೌನ್‌ನಲ್ಲಿ ಪಾಕಿಸ್ತಾನದ ವಿರುದ್ಧ 29 ರನ್‌ಗಳಿಗೆ 4 ವಿಕೆಟ್ ಪಡೆದು, ಅದೇ ವರ್ಷದ ಮೇ ತಿಂಗಳಲ್ಲಿ ಲಾರ್ಡ್ಸ್‌ನ ಚೊಚ್ಚಲ ಟೆಸ್ಟ್‌ನಲ್ಲಿ ಜಿಂಬಾಬ್ವೆಯ 5 ವಿಕೆಟ್ ಉರುಳಿಸಿದಾಗ, ಚೆಂಡು ಕೈಬಿಡುವ ಕ್ಷಣದಲ್ಲಿ ಅವರ ತಲೆ ಕೆಳಗೆ ಬಾಗಿ ಕಣ್ಣು ನೆಲವನ್ನು ನೋಡುತ್ತಿತ್ತು. ಇಂಥ ಶೈಲಿಯಿಂದ ಬೆನ್ನಿಗೆ ಪೆಟ್ಟಾದೀತು ಎಂಬ ಕಾಳಜಿಯಿಂದ ತರಬೇತುದಾರರು ಅದನ್ನು ತಿದ್ದಲು ಹೊರಟರು. ಫಲವಾಗಿ ವೇಗವೂ ಹೋಯಿತು, ಲಯವೂ ಹೋಯಿತು. 2006ರಲ್ಲಿ ಬೆನ್ನುಮೂಳೆಯ ಒತ್ತಡದ ಬಿರುಕು ಕೂಡ ಬಂದೇ ಬಂತು. ಅವರು ಮತ್ತೆ ಬೌಲರ್ ಆದದ್ದು ತಮ್ಮ ಹಳೆಯ ಶೈಲಿಗೆ ಮರಳಿದ ಮೇಲೆ. 2008ರ ಮಾರ್ಚ್‌ನಲ್ಲಿ ಹಿರಿಯ ವೇಗಿಗಳಾದ ಹೊಗಾರ್ಡ್ ಮತ್ತು ಹಾರ್ಮಿಸನ್ ಅವರನ್ನು ಕೈಬಿಟ್ಟು ವೆಲಿಂಗ್ಟನ್‌ನಲ್ಲಿ ಆ್ಯಂಡರ್ಸನ್ ಮತ್ತು ಬ್ರಾಡ್ ಅವರಿಗೆ ಚೆಂಡು ಕೊಟ್ಟಾಗ ಆರಂಭವಾದುದೇ ನಾವೆಲ್ಲ ಬಲ್ಲ ಆ್ಯಂಡರ್ಸನ್ ಅವರ ಕಥೆ. ಅದಕ್ಕೆ ಮೊದಲಿನ ಐದು ವರ್ಷಗಳಲ್ಲಿ ಅವರು ಆಡಿದ್ದು ಇಪ್ಪತ್ತರ ಆಸುಪಾಸಿನ ಟೆಸ್ಟ್‌ಗಳು ಮಾತ್ರ.

ಹಾಸನದ ಕಡೆಯ ಮ್ಯಾಟಿಂಗ್ ಪಿಚ್‌ಗಳ ಮೇಲೆ ಆಡಿ ಬೆಳೆದ ನನ್ನದು ಎದೆಯನ್ನು ಬ್ಯಾಟರ್ ಕಡೆಗೆ ಮುಖಮಾಡಿಕೊಂಡು ಎಸೆಯುವ ಶೈಲಿ. ಇಲ್ಲಿಗೆ ಬಂದ ಮೇಲೆ, ಔಟ್‌ಸ್ವಿಂಗ್ (ಗಾಳಿಯಲ್ಲೇ ಬ್ಯಾಟರ್‌ನಿಂದ ಹೊರಕ್ಕೆ ಸರಿಯುವ ಎಸೆತ) ಬೇಕಿದ್ದರೆ ಪಕ್ಕಕ್ಕೆ ತಿರುಗಿ ಎಸೆಯಬೇಕೆಂದು ಹಲವರು ಹೇಳಿದರು. ಆ್ಯಂಡರ್ಸನ್ ಅವರ ಆ ಐದು ವರ್ಷಗಳ ಕಥೆ ಓದಿದ ಮೇಲೆ ಶೈಲಿಯ ತಂಟೆಗೆ ಹೋಗಬಾರದೆಂದು ನಿರ್ಧರಿಸಿದೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ಮಿಶ್ರ ಶೈಲಿಯೇ ಕೆಳಬೆನ್ನಿಗೆ ಅತಿ ಅಪಾಯಕಾರಿ ಎಂಬುದು ತರಬೇತಿಯ ತರಗತಿಗಳಲ್ಲಿ ಮೊದಲು ಕಲಿಸುವ ವಿಷಯ. ಅರ್ಧ ವಯಸ್ಸು ಕಳೆದವನು ಶೈಲಿ ಬದಲಿಸಲು ಹೋದರೆ ಬಂದು ನಿಲ್ಲುವುದು ಸರಿಯಾಗಿ ಅಲ್ಲಿಗೇ. ಆದ್ದರಿಂದ ಓಟ, ನೆಗೆತ, ಭುಜಗಳನ್ನು ಹಾಗೆಯೇ ಬಿಟ್ಟು ಮಣಿಕಟ್ಟು ಮತ್ತು ಬೆರಳುಗಳನ್ನು ಮಾತ್ರ ತಿದ್ದಿಕೊಳ್ಳುವುದೆಂದು ಗೊತ್ತುಮಾಡಿಕೊಂಡೆ.

ಇಲ್ಲಿನ ಡ್ಯೂಕ್ಸ್ ಚೆಂಡಿನ ಹೊಲಿಗೆಯೆಲ್ಲ ಕೈಯಿಂದಲೇ ಆಗುವುದರಿಂದ ಸೀಮ್, ಅಂದರೆ ಹೊಲಿಗೆಯ ಸಾಲು, ಎದ್ದು ನಿಂತಿರುತ್ತದೆ, ಬಹಳ ಓವರ್‌ಗಳವರೆಗೆ ಚಪ್ಪಟೆಯಾಗುವುದಿಲ್ಲ. ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ ಎಸೆಯುವಾಗ ಸೀಮ್ ಮೊದಲ ಸ್ಲಿಪ್‌ನತ್ತ ಓರೆಯಾಗಿರಬೇಕು, ಹೊಳಪಿನ ಮೈ ಬೌಲರ್‌ನ ಬಲಕ್ಕಿರಬೇಕು. ಇಷ್ಟು ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಕಷ್ಟವಿರುವುದು ಸೀಮ್ ಗಾಳಿಯಲ್ಲಿ ಹೊರಳಾಡದೆ ಅದೇ ಓರೆಯಲ್ಲಿ ನಿಲ್ಲುವುದರಲ್ಲಿ. ಆ್ಯಂಡರ್ಸನ್ ಅವರ ಎಸೆತವನ್ನು ನಿಧಾನಗತಿಯ ದೃಶ್ಯದಲ್ಲಿ ನೋಡಿದವರಿಗೆ ಗೊತ್ತು: ತೋರುಬೆರಳು ಮತ್ತು ನಡುಬೆರಳು ಸೀಮ್‌ನ ಎರಡು ಪಕ್ಕದಲ್ಲಿ ಒತ್ತಾಗಿ ಕುಳಿತಿರುತ್ತವೆ, ಹೆಬ್ಬೆರಳಿನ ಬದಿ ಕೆಳಗಿನ ಸೀಮ್‌ಗೆ ತಾಗಿರುತ್ತದೆ, ಮಣಿಕಟ್ಟು ಕೊನೆಯವರೆಗೂ ಚೆಂಡಿನ ಹಿಂದೆಯೇ ಉಳಿದು, ಚೆಂಡು ಬೆರಳ ತುದಿಯಿಂದ ಜಾರುವಾಗ ಅದಕ್ಕೆ ಹಿಮ್ಮುಖ ತಿರುಗು ಕೊಡುತ್ತದೆ. ಆ ತಿರುಗು ಚೆನ್ನಾಗಿ ಬಿದ್ದಷ್ಟೂ ಸೀಮ್ ಸ್ಥಿರವಾಗಿರುತ್ತದೆ. ಓರೆಯಾದ ಸೀಮ್ ಒಂದು ಬದಿಯ ಗಾಳಿಯ ಹರಿವನ್ನು ಕದಡಿ ಅದು ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುವಂತೆ ಮಾಡುತ್ತದೆ. ನಯವಾದ ಬದಿಯ ಹರಿವು ಬೇಗ ಕಳಚಿಕೊಳ್ಳುತ್ತದೆ. ಚೆಂಡು ಸೀಮ್ ತೋರಿಸಿದತ್ತ ಸರಿಯುತ್ತದೆ.

ಇದನ್ನು ನಾನು ಅಭ್ಯಾಸ ಮಾಡಿದ ರೀತಿ ಸರಳವಾದದ್ದು. ಹಳೆಯ ಚೆಂಡೊಂದರ ಅರ್ಧ ಮೈಗೆ ಬಿಳಿ ಬಣ್ಣ ಬಳಿದು, ಓಡದೆ, ನಿಂತಲ್ಲಿಂದ ಎರಡು ಹೆಜ್ಜೆ ಇಟ್ಟು, ಹತ್ತು ಗಜದ ದೂರದಲ್ಲಿ ನಿಂತ ಗೆಳೆಯನಿಗೆ ಎಸೆಯುತ್ತಿದ್ದೆ. ಸೀಮ್ ನೆಟ್ಟಗಿದ್ದರೆ ಬಿಳಿ ಮತ್ತು ಕೆಂಪು ಬೇರೆಬೇರೆಯಾಗಿ ಕಾಣುತ್ತವೆ. ಹೊರಳಿದರೆ ಎರಡೂ ಕಲಸಿಕೊಂಡು ಮಸಕಾಗುತ್ತವೆ. ಗೆಳೆಯ ಒಂದು ಮಾತೂ ಹೇಳಬೇಕಾಗಿರಲಿಲ್ಲ. ನನ್ನ ನಡುಬೆರಳು ಕೊನೆಯಲ್ಲಿ ಚೆಂಡನ್ನು ಪಕ್ಕಕ್ಕೆ ಒರೆಸುತ್ತಿದ್ದುದರಿಂದ ಸೀಮ್ ಬಾಗುತ್ತಿದೆ ಎಂಬುದು ಈ ಅಭ್ಯಾಸದಲ್ಲೇ ತಿಳಿಯಿತು. ಹಿಡಿತವನ್ನು ಸ್ವಲ್ಪ ಸಡಿಲಿಸಿ, ಚೆಂಡನ್ನು ಅಂಗೈಯಿಂದ ದೂರ, ಬೆರಳ ತುದಿಗಳ ಮೇಲೆ ತಂದಾಗ ಅದು ನಿಂತಿತು. ಪೂರ್ಣ ಓಟದಲ್ಲಿ ಅದೇ ಮಣಿಕಟ್ಟು ಬರಲು ಇಡೀ ಚಳಿಗಾಲ ಬೇಕಾಯಿತು. ಲ್ಯಾಂಕಷೈರ್‌ನ ಮೋಡ ಕವಿದ ಮಧ್ಯಾಹ್ನಗಳ ಕೊಡುಗೆಯನ್ನು ಇಲ್ಲಿನವರು ಅತಿಯಾಗಿ ಹೊಗಳುತ್ತಾರೆಂದೇ ನನ್ನ ಅಭಿಪ್ರಾಯ. ಸೀಮ್ ನಿಲ್ಲದ ಬೌಲರ್‌ಗೆ ಎಂಥ ಮೋಡವೂ ನೆರವಾಗುವುದಿಲ್ಲ.

ಸ್ವಿಂಗ್ ಆಗದ ದಿನ ಏನು ಮಾಡಬೇಕು ಎಂಬುದಕ್ಕೂ ಉತ್ತರ ಅವರ ವೃತ್ತಿಜೀವನದಲ್ಲೇ ಇತ್ತು. 2010ರಲ್ಲಿ ಪಾಕಿಸ್ತಾನ ತಂಡ ಇಂಗ್ಲೆಂಡಿಗೆ ಬಂದಾಗ ಮೊಹಮ್ಮದ್ ಆಸಿಫ್ ಅವರ ಬೌಲಿಂಗ್ ನೋಡಿ ಆ್ಯಂಡರ್ಸನ್ ಕಲಿತದ್ದು ‘ವಾಬಲ್ ಸೀಮ್’. ಬೆರಳುಗಳನ್ನು ತುಸು ಅಗಲಿಸಿ ಹಿಡಿದು ಎಸೆದರೆ ಸೀಮ್ ಗಾಳಿಯಲ್ಲಿ ಅತ್ತಿತ್ತ ತೂಗಾಡುತ್ತದೆ. ನೆಲಕ್ಕೆ ಬಿದ್ದ ಮೇಲೆ ಚೆಂಡು ಒಳಗೆ ಬರುವುದೋ, ಹೊರಗೆ ಹೋಗುವುದೋ, ನೇರ ನುಗ್ಗುವುದೋ ಬೌಲರ್‌ಗೇ ಗೊತ್ತಿರುವುದಿಲ್ಲ. ಅದೇ ವರ್ಷದ ಕೊನೆಗೆ, ಸೀಮ್ ಬೇಗ ಚಪ್ಪಟೆಯಾಗುವ ಕೂಕಬುರಾ ಚೆಂಡಿನಿಂದ ಆಡುವ ಆಸ್ಟ್ರೇಲಿಯಾದಲ್ಲಿ ಆ ತಂಡದ ವಿರುದ್ಧ ನಡೆದ ಆ್ಯಶಸ್ ಟೆಸ್ಟ್ ಸರಣಿಯಲ್ಲಿ ಅವರು 24 ವಿಕೆಟ್ ಪಡೆದರು. ನನಗೆ ಇದು ಔಟ್‌ಸ್ವಿಂಗ್‌ಗಿಂತ ಬೇಗ ಕೈಗೆ ಹತ್ತಿತು. ಮೂವತ್ತು ಓವರ್ ಹಳೆಯ ಚೆಂಡಿನಲ್ಲಿ, ಆಫ್‌ಸ್ಟಂಪ್‌ನ ತುದಿಗೆ ಗುರಿಯಿಟ್ಟು ಎಸೆಯುತ್ತಾ ಹೋದರೆ ಎಲ್‌ಬಿಡಬ್ಲ್ಯು ಮತ್ತು ಬೌಲ್ಡ್ ತಾನಾಗಿ ಬರುತ್ತವೆ. ಹಳೆಯ, ಒರಟಾದ ಚೆಂಡು ಎಂದಿನದಕ್ಕೆ ವಿರುದ್ಧ ದಿಕ್ಕಿಗೆ ಸರಿಯುವ ರಿವರ್ಸ್ ಸ್ವಿಂಗ್ ಮಾತ್ರ ನನ್ನ ಪಾಲಿಗಿಲ್ಲ. ಅದಕ್ಕೆ ಬೇಕಾದ ವೇಗವೂ ನನ್ನಲ್ಲಿಲ್ಲ, ನಮ್ಮ ಒದ್ದೆ ಹುಲ್ಲಿನ ಮೈದಾನದಲ್ಲಿ ಚೆಂಡು ಒರಟಾಗುವುದೂ ಇಲ್ಲ. ಹಾಗಿದ್ದರೂ 2021ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ, 38ನೇ ವಯಸ್ಸಿನಲ್ಲಿ, ಒಂದೇ ಓವರ್‌ನಲ್ಲಿ ಶುಭಮನ್ ಗಿಲ್ ಮತ್ತು ಅಜಿಂಕ್ಯ ರಹಾನೆ ಇಬ್ಬರನ್ನೂ ಆ್ಯಂಡರ್ಸನ್ ರಿವರ್ಸ್ ಸ್ವಿಂಗ್‌ನಿಂದ ಬೌಲ್ಡ್ ಮಾಡಿದ್ದನ್ನು ಹುಡುಗರಿಗೆ ಆಗಾಗ ತೋರಿಸುತ್ತೇನೆ. ಓಡಿ ಬರುವಾಗ ಚೆಂಡಿನ ಹೊಳಪನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುವ ಅಭ್ಯಾಸವನ್ನು ಅವರು ಕಲಿತದ್ದು ನಮ್ಮ ಜಹೀರ್ ಖಾನ್ ಅವರನ್ನು ನೋಡಿ.

ಕೌಶಲಕ್ಕಿಂತಲೂ ಹೆಚ್ಚಾಗಿ ನನ್ನನ್ನು ಉಳಿಸಿದ್ದು ಏನನ್ನು ಬಿಡಬೇಕು ಎಂಬ ತಿಳಿವಳಿಕೆ. 2011ರ ಫೆಬ್ರುವರಿ 27ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ಎರಡೂ 338 ರನ್ ಗಳಿಸಿ ಟೈ ಆದ ವಿಶ್ವಕಪ್ ಪಂದ್ಯ ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಅಂದು ಆ್ಯಂಡರ್ಸನ್ 91 ರನ್ ಕೊಟ್ಟಿದ್ದರು. ಏಕದಿನ ಕ್ರಿಕೆಟ್‌ನಲ್ಲಿ ಇಂಗ್ಲೆಂಡ್ ಪರ ಅತಿ ಹೆಚ್ಚು, ಅಂದರೆ 269 ವಿಕೆಟ್ ಪಡೆದವರೂ ಅವರೇ. ಆದರೂ 2015ರ ವಿಶ್ವಕಪ್‌ನ ನಂತರ ಅವರು ಮತ್ತೆ ಏಕದಿನ ಪಂದ್ಯ ಆಡಲಿಲ್ಲ. ವರ್ಷವಿಡೀ ಬಿಳಿ ಚೆಂಡಿನ ಪ್ರವಾಸಗಳಲ್ಲಿ ಸವೆಯಬೇಕಿದ್ದ ಮೈ ಟೆಸ್ಟ್‌ಗಳಿಗೆ ಮೀಸಲಾಯಿತು. 40,000ಕ್ಕೂ ಹೆಚ್ಚು ಎಸೆತಗಳನ್ನು ಟೆಸ್ಟ್‌ಗಳಲ್ಲಿ ಹಾಕಿದ ಮೊದಲ ವೇಗದ ಬೌಲರ್ ಆಗಲು ಈ ಬಿಡುವು ಕೊಟ್ಟ ಪಾಲು ಸಣ್ಣದಲ್ಲವೆಂದೇ ನಾನು ನಂಬಿದ್ದೇನೆ. ಇದನ್ನು ನನ್ನ ಮಟ್ಟಕ್ಕೆ ಇಳಿಸಿಕೊಂಡು, ವಾರದ ನಡುವಿನ ಸಂಜೆಗಳ ಇಪ್ಪತ್ತು ಓವರ್ ಪಂದ್ಯಗಳನ್ನು ಬಿಟ್ಟೆ. ಶನಿವಾರ ಒಂದೇ ಪಂದ್ಯ, ಅದರಲ್ಲೂ ಐದೋ ಆರೋ ಓವರ್‌ಗಳ ಎರಡು ಸ್ಪೆಲ್ (ಬಿಡುವಿಲ್ಲದೆ ಎಸೆಯುವ ಸರದಿ). ಭಾನುವಾರ ನಡಿಗೆ, ಬುಧವಾರ ನೆಟ್ಸ್‌ನಲ್ಲಿ ಎಣಿಸಿ ಹಾಕಿದ ಎಸೆತಗಳು. ಇಲ್ಲಿ ಹದಿಹರೆಯದ ವೇಗಿಗಳಿಗೆ ಒಂದು ಸ್ಪೆಲ್‌ಗೆ ಇಷ್ಟು, ಒಂದು ದಿನಕ್ಕೆ ಇಷ್ಟು ಎಂದು ವಯಸ್ಸಿಗೆ ತಕ್ಕ ಮಿತಿಯನ್ನು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೇ ಹಾಕಿಕೊಟ್ಟಿದೆ. ಅಂಥ ಮಿತಿ ನಲವತ್ತರವರಿಗೂ ಇರಬೇಕೆಂದು ತಂಡದ ಸಭೆಯಲ್ಲಿ ಹೇಳಿ ನಗೆಗೀಡಾಗಿದ್ದೇನೆ, ಆದರೆ ಹಾಗೆ ಹೇಳುವುದನ್ನು ಬಿಟ್ಟಿಲ್ಲ.

ಮೈ ಕೈಕೊಡುವುದು ಅವರಿಗೂ ತಪ್ಪಲಿಲ್ಲ. 2019ರ ಆ್ಯಶಸ್‌ನ ಮೊದಲ ಟೆಸ್ಟ್‌ನಲ್ಲಿ ಮೀನಖಂಡದ ನೋವಿನಿಂದ ನಾಲ್ಕೇ ಓವರ್‌ಗಳಿಗೆ ನಿಲ್ಲಬೇಕಾಯಿತು. 2023ರ ಆ್ಯಶಸ್‌ನಲ್ಲಿ ಸಿಕ್ಕಿದ್ದು 5 ವಿಕೆಟ್ ಮಾತ್ರ. ಆಗ 41ನೇ ವಯಸ್ಸಿನಲ್ಲಿ ಅವರು ತಿದ್ದಿದ್ದು ಓಟವನ್ನು. ಮರುವರ್ಷ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಕುಲದೀಪ್ ಯಾದವ್ ಅವರನ್ನು ಔಟ್ ಮಾಡಿ 700 ತಲುಪಿದರು. ಅದನ್ನು ಓದಿದ ಮೇಲೆ ನನ್ನ ಓಟವನ್ನೂ ಪಟ್ಟಿ ಹಿಡಿದು ಅಳೆದು, ಆರಂಭದ ಕೆಲವು ನಿಧಾನದ ಹೆಜ್ಜೆಗಳನ್ನು ತೆಗೆದುಹಾಕಿದೆ. ವೇಗವೇನೂ ಕಡಿಮೆಯಾಗಲಿಲ್ಲ; ಉಸಿರು ಉಳಿಯಿತು, ನೋ ಬಾಲ್‌ಗಳು ಬಹುಮಟ್ಟಿಗೆ ನಿಂತವು.

ಕನ್ನಡಿಗನಾಗಿ ನಾನು ಮತ್ತೆ ಮತ್ತೆ ನೋಡುವ ಆಟ 2021ರ ಆಗಸ್ಟ್‌ನ ಟ್ರೆಂಟ್‌ಬ್ರಿಜ್ ಟೆಸ್ಟ್‌ನದು. ಸತತ ಎರಡು ಎಸೆತಗಳಲ್ಲಿ ಪೂಜಾರ ಮತ್ತು ಕೊಹ್ಲಿ ಕೀಪರ್‌ಗೆ ಕ್ಯಾಚ್ ಕೊಟ್ಟಾಗ ಆ್ಯಂಡರ್ಸನ್ ನಮ್ಮ ಅನಿಲ್ ಕುಂಬ್ಳೆ ಅವರ 619 ವಿಕೆಟ್‌ಗಳನ್ನು ಸರಿಗಟ್ಟಿದರು. ಮರುದಿನ 84 ರನ್ ಗಳಿಸಿದ್ದ ಕೆ.ಎಲ್. ರಾಹುಲ್ ಅವರ ವಿಕೆಟ್‌ನಿಂದ ಅದನ್ನು ದಾಟಿದರು. ಒಬ್ಬ ಕನ್ನಡಿಗನ ದಾಖಲೆ ಇನ್ನೊಬ್ಬ ಕನ್ನಡಿಗನ ಬ್ಯಾಟಿನ ಅಂಚಿನಿಂದ ಹೋಯಿತೆಂಬ ಬೇಸರ ಒಂದು ಕಡೆ. ಬೌಲರ್‌ನ ಕಣ್ಣಿಗೆ ಕಾಣುವುದು ಬೇರೆ: ಮೂವರೂ ಔಟಾದದ್ದು ಆಫ್‌ಸ್ಟಂಪ್‌ನ ಸುತ್ತಮುತ್ತಲ ಎಸೆತಗಳಿಗೆ, ಮೂರೂ ಕ್ಯಾಚ್ ಹೋದದ್ದು ಕೀಪರ್ ಬಟ್ಲರ್ ಅವರ ಕೈಗೆ. 2014ರಲ್ಲಿ ಕೊಹ್ಲಿ ಅವರನ್ನು ನಾಲ್ಕು ಬಾರಿ ಔಟ್ ಮಾಡಿ, 2018ರಲ್ಲಿ ಒಮ್ಮೆಯೂ ಔಟ್ ಮಾಡಲಾಗದೆ ಹೋದ ಬೌಲರ್ ಮೂರು ವರ್ಷಗಳ ನಂತರವೂ ಅದೇ ಪಟ್ಟಿನಲ್ಲಿ ಚೆಂಡಿಡುತ್ತಿದ್ದರು.

2024ರ ಜುಲೈನಲ್ಲಿ, ಮೊದಲ ಟೆಸ್ಟ್ ಆಡಿದ ಲಾರ್ಡ್ಸ್‌ನಲ್ಲೇ ಅವರು ಟೆಸ್ಟ್‌ನಿಂದ ನಿವೃತ್ತರಾದರೂ, ಲ್ಯಾಂಕಷೈರ್ ಪರ ಆಡುವುದನ್ನು ಬಿಡಲಿಲ್ಲ. 2025ರಲ್ಲಿ ಮತ್ತೆ ಕೌಂಟಿ ಕಣಕ್ಕಿಳಿದರು. ನನ್ನ ಕೈಯಲ್ಲೂ ಕೆಲಸ ಉಳಿದಿದೆ. ಹಿಡಿತ ಬದಲಾದುದು ಬ್ಯಾಟರ್‌ಗೆ ತಿಳಿಯದಂತೆ ಅದೇ ಓಟ, ಅದೇ ತೋಳಿನಿಂದ ಇನ್‌ಸ್ವಿಂಗ್ (ಒಳಕ್ಕೆ ಸರಿಯುವ ಎಸೆತ) ಎಸೆಯುವುದು ಇನ್ನೂ ಒಲಿದಿಲ್ಲ. ಸೀಮ್ ಅನ್ನು ಲೆಗ್‌ಸ್ಲಿಪ್‌ನತ್ತ ತಿರುಗಿಸಿದ ಕೂಡಲೇ ನನ್ನ ಎಡಭುಜ ಬೇಗ ತೆರೆದುಕೊಳ್ಳುತ್ತದೆ. ಈ ಚಳಿಗಾಲದಲ್ಲಿ ಒಳಾಂಗಣ ನೆಟ್ಸ್‌ಗೆ ಬಿಳಿ ಬಣ್ಣದ ಚೆಂಡನ್ನು ಮತ್ತೆ ಒಯ್ಯುತ್ತಿದ್ದೇನೆ, ಮೊದಲ ಕೆಲವು ವಾರ ಎರಡು ಹೆಜ್ಜೆಯ ಅಭ್ಯಾಸ ಮಾತ್ರ.