ಬೀಮ್ ದಾಟುವ ಪೈಪಿಗೆ ಮೋಲ್ಡ್‌ಗೂ ಮುಂಚೆಯೇ ದಾರಿ

ಮೈಸೂರಿನಲ್ಲಿ 30x40 ಸೈಟುಗಳಲ್ಲಿ ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. ಮಹಡಿಯ ಬಾತ್‌ರೂಮಿಗೆ ಇಲ್ಲಿ ಸಂಕನ್ ಸ್ಲ್ಯಾಬ್ ಹಾಕುವುದು ವಾಡಿಕೆ. ಸ್ಲ್ಯಾಬನ್ನು ತಗ್ಗಿಸಿ, ಆ ಗುಂಡಿಯಲ್ಲಿ ಪೈಪ್ ಮಲಗಿಸಿ, ಮೇಲೆ ತುಂಬಿ ಟೈಲ್ಸ್ ಕೂರಿಸುತ್ತೇವೆ. ಸ್ಲ್ಯಾಬ್ ತಗ್ಗುತ್ತದೆ, ಸುತ್ತಲಿನ ಬೀಮ್ ತಗ್ಗುವುದಿಲ್ಲ. ಕಮೋಡಿನ ನಾಲ್ಕಿಂಚಿನ ಪೈಪ್ ಹೊರಗಿನ ಡಕ್ಟ್ (ಪೈಪುಗಳು ಕೆಳಗಿಳಿಯುವ ಕಿಂಡಿ) ಸೇರಬೇಕಾದರೆ ಆ ಬೀಮನ್ನು ತೂರಿಯೇ ಹೋಗಬೇಕು.

"ಈಗ್ಯಾಕೆ ಸರ್ ತಲೆಬಿಸಿ, ಮೋಲ್ಡ್ ಆದ್ಮೇಲೆ ಮಿಷಿನ್ ಇಟ್ಟು ಹೊಡೆದ್ರಾಯ್ತು" ಅನ್ನುವ ಪ್ಲಂಬರ್‌ಗಳೇ ಹೆಚ್ಚು. ಮೋಲ್ಡ್ ಅಂದರೆ ಬೀಮ್, ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವುದು. ಈ ಮಾತಿಗೆ ನಾನು ಯಾವತ್ತೂ ಒಪ್ಪುವುದಿಲ್ಲ. ಮಿಷಿನ್ ಕಾಂಕ್ರೀಟನ್ನಷ್ಟೇ ಒಡೆಯುವುದಿಲ್ಲ, ಅಡ್ಡ ಬಂದ ರಿಂಗನ್ನೂ, ಅಂದರೆ ಉದ್ದ ಕಂಬಿಗಳನ್ನು ಸುತ್ತಿ ಕಟ್ಟಿದ ಕಂಬಿಯನ್ನೂ, ಕತ್ತರಿಸುತ್ತದೆ. ಪಿಲ್ಲರ್ ಪಕ್ಕದಲ್ಲಿ ಬೀಮ್ ಓರೆಯಾಗಿ ಬಿರುಕು ಬಿಡದಂತೆ ಹಿಡಿದಿರುವುದೇ ಆ ರಿಂಗುಗಳು. ಪೈಪ್ ಬರುವುದೂ ಸಾಮಾನ್ಯವಾಗಿ ಪಿಲ್ಲರ್ ಮೂಲೆಯಲ್ಲೇ, ಏಕೆಂದರೆ ಡಕ್ಟ್ ಇರುವುದು ಅಲ್ಲಿ.

ಇತ್ತೀಚಿನ ಒಂದು ಮನೆಯಲ್ಲಿ ಬೀಮ್ 9 ಇಂಚು ಅಗಲ, 18 ಇಂಚು ಆಳ. ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿಯುವ ಅಚ್ಚು ಕಟ್ಟುವುದು) ಶುರುವಾಗುವ ಮೊದಲೇ ಪ್ಲಂಬರ್, ಬಾರ್ ಬೆಂಡರ್ ಇಬ್ಬರನ್ನೂ ಡ್ರಾಯಿಂಗ್ ಮುಂದೆ ಕೂರಿಸಿದೆ. ಕಮೋಡ್ ಜಾಗ ಬದಲಿಸಿ, ತೂತು ಪಿಲ್ಲರ್ ಮುಖದಿಂದ ಮೂರೂವರೆ ಅಡಿ ಆಚೆ ಬರುವಂತೆ ಮಾಡಿದೆವು. ಬೀಮಿನ ಆಳದ ಎರಡರಷ್ಟಾದರೂ ದೂರವಿರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ. ಇನ್ನು ಎತ್ತರ. ಬೀಮ್ ಬಾಗುವಾಗ ನಡು ಭಾಗದಲ್ಲಿ ಕೆಳಗಿನ ಕಂಬಿ ಎಳೆತ ತಾಳುತ್ತದೆ, ಮೇಲಿನ ಕಾಂಕ್ರೀಟ್ ಒತ್ತಡ ತಾಳುತ್ತದೆ. ಆಳದ ಮಧ್ಯದ ಪಟ್ಟಿಗೆ ಇವೆರಡೂ ಕಡಿಮೆ. ಸ್ಲ್ಯಾಬನ್ನು 9 ಇಂಚು ತಗ್ಗಿಸಿದ್ದರೆ ತೂತು ಮೇಲಕ್ಕೆ ಬರುತ್ತಿತ್ತು. 12 ಇಂಚು ತಗ್ಗಿಸಿದ್ದರಿಂದ ಪೈಪ್ ಸರಿಯಾಗಿ ಮಧ್ಯದ ಮೂರನೇ ಒಂದು ಭಾಗಕ್ಕೆ ಬಂತು. ಗುಂಡಿ ಆಳವಾದಷ್ಟೂ ತುಂಬುವ ಭಾರ ಹೆಚ್ಚುತ್ತದೆ, ಹಾಗಾಗಿ ಹಗುರ ಬ್ಲಾಕಿನ ಚೂರು ತುಂಬಿಸಿದೆ.

110 ಎಂಎಂ ಪೈಪಿಗೆ 140 ಎಂಎಂ ಪಿವಿಸಿ ತುಂಡೇ ಸ್ಲೀವ್, ಅಂದರೆ ಪೈಪ್ ತೂರಲು ಬೀಮಿನಲ್ಲಿ ಮೊದಲೇ ಕೂರಿಸುವ ಹೊರಕೊಳವೆ. ರಿಂಗುಗಳು ಆರಾರು ಇಂಚಿಗೆ ಇದ್ದವು, ನಡುವೆ ಸ್ಲೀವ್ ತೂರಿಸಿದರೆ ಸುತ್ತ ಕಾಂಕ್ರೀಟ್ ಇಳಿಯಲು ಜಾಗವೇ ಇರುವುದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಟ್ಟಂತೆ ಅಲ್ಲಿ ಮಾತ್ರ ಎರಡು ರಿಂಗುಗಳ ಅಂತರ ಎಂಟಿಂಚಿಗೆ ಹೆಚ್ಚಿಸಿ, ಎರಡೂ ಪಕ್ಕ ಹೆಚ್ಚುವರಿ ರಿಂಗ್ ಒತ್ತಾಗಿ ಕಟ್ಟಿಸಿದೆ. ಸ್ಲೀವಿನ ಮೇಲೂ ಕೆಳಗೂ ಗಿಡ್ಡ ರಿಂಗ್, ಮೂಲೆಗಳಲ್ಲಿ ಓರೆ ಕಂಬಿ. ಸ್ಲೀವ್ ಒಳಗೆ ಒದ್ದೆ ಮರಳು ತುಂಬಿ ಎರಡೂ ಬಾಯಿ ಮುಚ್ಚಿದೆವು. ಇಲ್ಲದಿದ್ದರೆ ವೈಬ್ರೇಟರ್ ಹೊಡೆತಕ್ಕೆ ಚಪ್ಪಟೆಯಾಗುತ್ತದೆ, ಇಲ್ಲವೇ ಸಿಮೆಂಟ್ ಹಾಲು ಒಳಗೆ ನುಗ್ಗುತ್ತದೆ. ಬೈಂಡಿಂಗ್ ವೈರಿನಿಂದ ಬಿಗಿದ ಮೇಲೆ ಕೈಯಿಟ್ಟು ಅಲ್ಲಾಡಿಸಿ ನೋಡಿದೆ. ಮೋಲ್ಡ್ ದಿನ ಆ ಜಾಗದಲ್ಲಿ ನಾನೇ ನಿಂತಿದ್ದೆ, ಸ್ಲೀವಿನ ಅಡಿಯಲ್ಲಿ ಕಾಂಕ್ರೀಟ್ ಟೊಳ್ಳು ಬೀಳುವ ಸಂಭವ ಹೆಚ್ಚು.

ಆಮೇಲೆ ಪೈಪ್ ಹಾಯಿಸುವಾಗ ಸ್ಲೀವ್ ಒಳಗೆ ಜಾಯಿಂಟ್ ಬರದಂತೆ ನೋಡಿಕೊಳ್ಳಬೇಕು. ಸುತ್ತಲಿನ ಸಂದಿಯನ್ನು ಬರೀ ಸಿಮೆಂಟಿನಿಂದ ಮೆತ್ತದೆ ಮೆತುವಾಗಿ ಉಳಿಯುವ ಸೀಲೆಂಟ್ ತುಂಬಿಸಿದೆ. ವಾಟರ್‌ಪ್ರೂಫಿಂಗ್ ಕೋಟನ್ನು ಸ್ಲೀವಿನ ಬಾಯಿಯವರೆಗೂ ಎಳೆದು, ಗುಂಡಿಯಲ್ಲಿ ನೀರು ನಿಲ್ಲಿಸಿ ಕೆಳಗಿನ ಸೀಲಿಂಗ್ ನೋಡಿದ ಮೇಲೆಯೇ ತುಂಬಲು ಬಿಟ್ಟೆ.

ಪಿಲ್ಲರಿನ ಒಳಗಂತೂ ಪೈಪ್ ಬೇಡವೇ ಬೇಡ. ಕಾರ್ ಪಾರ್ಕಿಂಗಿನಲ್ಲಿ ಕಾಣಬಾರದೆಂದು ಮಳೆನೀರಿನ ಪೈಪನ್ನು ಪಿಲ್ಲರ್ ಒಳಗಿಡಲು ಕೇಳುವವರಿದ್ದಾರೆ. 9x12 ಇಂಚಿನ ಪಿಲ್ಲರಿನಲ್ಲಿ ನಾಲ್ಕಿಂಚಿನ ಪೈಪ್ ಸುಮಾರು ಶೇ. 14ರಷ್ಟು ಕಾಂಕ್ರೀಟ್ ನುಂಗುತ್ತದೆ. ಅಮೆರಿಕದ ಕಾಂಕ್ರೀಟ್ ಕಟ್ಟಡ ಸಂಹಿತೆ ಎಸಿಐ 318ರ 2011ರ ಆವೃತ್ತಿ ಒಪ್ಪಿದ್ದು ಶೇ. 4. ಸೋರಿದರೆ ಕಂಬಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಬಾಲ್ಕನಿಯ ಚಾಚುಬೀಮಿಗೂ ನಾನು ತೂತು ಕೊಡುವುದಿಲ್ಲ.

ಮೋಲ್ಡ್ ಆಗಿಹೋದ ಮನೆಗೆ ಯಾರಾದರೂ ಕರೆದರೆ, ಪೈಪನ್ನು ಬೀಮಿನ ಕೆಳಗಿಂದ ತಂದು ಫಾಲ್ಸ್ ಸೀಲಿಂಗ್ ಮಾಡಿಸಿ ಅನ್ನುತ್ತೇನೆ. ಅದೂ ಆಗದಿದ್ದರೆ ಮೊದಲು ಇಂಜಿನಿಯರ್ ಒಪ್ಪಿಗೆ, ಆಮೇಲೆ ಕಂಬಿ ಎಲ್ಲಿದೆಯೆಂದು ಯಂತ್ರದಿಂದ ಪತ್ತೆಹಚ್ಚಿ ಗುರುತು ಹಾಕುವುದು, ದುಂಡಗೆ ಕೊರೆಯುವ ಕೋರ್ ಕಟಿಂಗ್ ಕೊನೆಗೆ.